ಗುತ್ತೂರಿನ ಎರಕದ ಕಡಾಯಿ

ಯಾರಾದರೂ ದೆವ್ವ, ಕನಸು, ಪೂರ್ವಜನ್ಮ ಎಂದು ಮಾತು ತೆಗೆದರೆ ನಾನು ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವನು. ಜಗಳಕ್ಕೆ ನಿಲ್ಲುತ್ತಿರಲಿಲ್ಲ, ನಂಬುವವರನ್ನು ಹೀಯಾಳಿಸುತ್ತಲೂ ಇರಲಿಲ್ಲ. ಅಂಥ ಮಾತಿನಲ್ಲಿ ನನಗೆ ಆಸಕ್ತಿಯೇ ಹುಟ್ಟುತ್ತಿರಲಿಲ್ಲ, ಅಷ್ಟೆ. ಹರಿಹರದ ಒಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕಬ್ಬಿಣವನ್ನು ಆಮ್ಲದಲ್ಲಿ ಕರಗಿಸಿ, ಸೋಸಿ, ಸುಟ್ಟು, ತೂಗಿ ನೋಡುವುದು ನನ್ನ ಕೆಲಸ. ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮಾತು ಮುಗಿಯಿತು. ಹಾಗೆ ಬದುಕಿದವನಿಗೆ ಒಂದು ಬೆಳಿಗ್ಗೆ ಆದದ್ದನ್ನು ಈಗ ಬರೆಯುತ್ತಿದ್ದೇನೆ. ಹಿಂದೆ ಒಬ್ಬಿಬ್ಬರಿಗೆ ಇದನ್ನು ಹೇಳಿದ್ದುಂಟು. ಆದರೆ ಹೇಳುವಾಗಲೆಲ್ಲ ನನಗೆ ನಾಚಿಕೆ ತರುವ ಒಂದು ಭಾಗವನ್ನು ಬಿಟ್ಟುಬಿಡುತ್ತಿದ್ದೆ. ಅದನ್ನು ಬಿಟ್ಟರೆ ಇದು ಬರಿಯ ಪವಾಡದ ಕಥೆಯಾಗುತ್ತದೆ. ಈ ಸಲ ಬಿಡುವುದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನನಗಿನ್ನೂ ಮದುವೆಯಾಗಿರಲಿಲ್ಲ. ಹರಿಹರದಲ್ಲಿ ಹೊಳೆಯ ಕಡೆಯ ಓಣಿಯೊಂದರಲ್ಲಿ ಕೋಣೆ ಮಾಡಿಕೊಂಡಿದ್ದೆ. ನನ್ನ ಜೊತೆ ಓದಿದ್ದ ಚನ್ನಬಸಪ್ಪ ದಾವಣಗೆರೆಯ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ. ಭಾನುವಾರ ಬಂತೆಂದರೆ ಪ್ಯಾಸೆಂಜರ್ ರೈಲು ಹಿಡಿದು ಅವನ ಮನೆಗೆ ಹೋಗುವುದು, ಬೆಣ್ಣೆ ದೋಸೆ ತಿಂದು, ಹರಟೆ ಹೊಡೆದು, ಸಂಜೆ ವಾಪಸು ಬರುವುದು ನನ್ನ ರೂಢಿ. ಹೀಗೊಂದು ಭಾನುವಾರ ಅವನು ಬಾಗಿಲಲ್ಲೇ ನಿಂತು, "ಒಳಗೆ ಬರಬ್ಯಾಡ, ಹಂಗೇ ನಡಿ. ನಿನ್ನ ಕಸುಬಿನ ಒಂದು ಸಾಮಾನು ಐತೆ, ತೋರಿಸ್ತೀನಿ" ಎಂದ.

ಕರೆದುಕೊಂಡು ಹೋದದ್ದು ಮಂಡಕ್ಕಿ ಭಟ್ಟಿಗಳ ಓಣಿಗೆ. ಆ ಓಣಿಯನ್ನು ನೋಡದವರಿಗೆ ಹೇಳಬೇಕು: ಸಾಲಾಗಿ ತಗ್ಗು ಮಾಡಿನ ಮನೆಗಳು, ಪ್ರತಿ ಮನೆಯ ಹಿಂದೆ ಒಂದು ಒಲೆ, ಒಲೆಯ ಮೇಲೆ ದೊಡ್ಡ ಕಡಾಯಿ. ಭತ್ತದ ಹೊಟ್ಟನ್ನೇ ಉರಿಸಿ ಕಡಾಯಿಯಲ್ಲಿ ಮರಳು ಕಾಯಿಸುತ್ತಾರೆ. ಕಾದ ಮರಳಿಗೆ ಉಪ್ಪುನೀರು ಸೋಕಿಸಿದ ಅಕ್ಕಿ ಬಿದ್ದ ಕ್ಷಣಕ್ಕೆ ಅದು ಚಟಪಟನೆ ಅರಳಿ ಮೇಲೇಳುತ್ತದೆ. ನಾವು ಹೋದದ್ದು ಮಹಬೂಬ್ ಸಾಬರ ಭಟ್ಟಿಗೆ. ಆಗವರಿಗೆ ಅರವತ್ತರ ಹತ್ತಿರ ವಯಸ್ಸು. ಅಕ್ಕಿ ಹುರಿಯುವವರು ಅವರು, ಜರಡಿ ಹಿಡಿದು ಮರಳು ಬೇರೆ ಮಾಡುವವರು ಹೆಂಡತಿ ಖಾಸಿಂಬಿ. ಮನೆಯಲ್ಲಿ ಇಬ್ಬರೇ. ಆ ವಾರ ಒಲೆಯನ್ನು ಒಡೆದು ಹೊಸದಾಗಿ ಕಟ್ಟುತ್ತಿದ್ದುದರಿಂದ ಕಡಾಯಿಯನ್ನು ಹೊರಗೆಳೆದು ಅಂಗಳದಲ್ಲಿ ಬೋರಲು ಹಾಕಿದ್ದರು.

ನೋಡಿದವನೇ ನಾನು ಅದರ ಮುಂದೆ ಮೊಣಕಾಲೂರಿ ಕುಳಿತೆ. ಉಳಿದ ಭಟ್ಟಿಗಳಲ್ಲಿದ್ದದ್ದು ತಗಡು ಬಡಿದು ಮಾಡಿದ ಕಡಾಯಿಗಳು. ಇದು ಬಡಿದದ್ದಲ್ಲ, ಕಬ್ಬಿಣವನ್ನು ನೀರಾಗಿ ಕರಗಿಸಿ ಅಚ್ಚಿಗೆ ಹೊಯ್ದದ್ದು. ಮೈಮೇಲೆ ಮಸಿ ಮತ್ತು ಸುಟ್ಟ ಮಣ್ಣು ಒಂದು ಬೆರಳು ದಪ್ಪ ಕೂತಿತ್ತು. ತಳದಲ್ಲಿ ಸ್ವಲ್ಪ ಕೆರೆದೆ. ದುಂಡನೆಯ ಒರಟು ಗುರುತೊಂದು ಸಿಕ್ಕಿತು. ಅದು ಕರಗಿದ ಕಬ್ಬಿಣ ಒಳಹೋದ ಬಾಯಿ. ಅಂದರೆ ಅಚ್ಚನ್ನು ಬೋರಲಾಗಿಯೇ ಹೂತು, ತಳದ ಕಡೆಯಿಂದ ಹೊಯ್ದಿದ್ದರು. ಕಂಠದ ಸುತ್ತ ಎತ್ತಲು ನಾಲ್ಕು ಕಿವಿಗಳು. ಮೂರು ನೆಟ್ಟಗಿದ್ದವು, ಒಂದು ಸೊಟ್ಟ.

"ಎಲ್ಲಿಂದ ಬಂತು ಸಾಬ್ರೇ ಇದು?" ಎಂದೆ.

"ನಮ್ಮ ಅಜ್ಜ ಗುತ್ತೂರಾಗೆ ಬಾವಿ ತೋಡಾಕೆ ಹೋಗಿದ್ದನಂತ್ರಿ. ಎರಡಾಳು ಮಣ್ಣಿನ ಕೆಳಗೆ ಸಿಕ್ತು. ಹೊಲದವ್ರು ನಮಗೆ ಬ್ಯಾಡ ಅಂದ್ರು, ಗಾಡಿ ಮೇಲೆ ಹಾಕ್ಕೊಂಡು ಬಂದ. ಅವತ್ತಿಂದ ಇದೇ ನಮ್ಮನ್ನ ಸಾಕ್ತಾ ಐತೆ."

ಅದೇ ಬಾವಿಯ ಮಣ್ಣಿನಲ್ಲಿ ಒಂದು ಒಡೆದ ಶಾಸನದ ಕಲ್ಲೂ ಸಿಕ್ಕಿತ್ತು. ಚನ್ನಬಸಪ್ಪ ಹೊಳೆಯ ದಂಡೆಯ ಆ ಗುತ್ತೂರಿಗೆ ಹೋಗಿ ಅದನ್ನು ಓದಿ ಬಂದಿದ್ದ. ಅಕ್ಷರಗಳ ಮಾಟ ನೋಡಿದರೆ ಆರೇಳು ನೂರು ವರ್ಷ ಹಿಂದಿನದು ಎನ್ನುತ್ತಿದ್ದ. ನಮ್ಮ ಕಡೆಯವರು ಕಬ್ಬಿಣವನ್ನು ಕಾಸಿ ಬಡಿಯುವುದರಲ್ಲಿ ಗಟ್ಟಿಗರು ಎಂದು ಓದಿದ್ದೆ. ಅಷ್ಟು ಹಿಂದೆ ಇಷ್ಟು ದೊಡ್ಡ ಪಾತ್ರೆಯನ್ನು ಎರಕ ಹೊಯ್ದಿದ್ದರೆ? ಹೇಗೆ ಹೊಯ್ದರು? ಎಷ್ಟು ಕಬ್ಬಿಣ ಒಂದೇ ಸಲಕ್ಕೆ ಬೇಕು? ನನಗೆ ಹಸಿವೆಯೇ ಮರೆತುಹೋಯಿತು. ಪರೀಕ್ಷೆಗೆ ಒಂದಿಷ್ಟು ಚೂರು ಕೊಡಿ ಎಂದು ಸಾಬರನ್ನು ಕೇಳಿದೆ.

"ಹೊಡೀತೀರೇನ್ರಿ?" ಎಂದರು.

"ಇಲ್ಲ, ಹೊಡೆಯೋದಿಲ್ಲ. ಕೈ ಡ್ರಿಲ್ಲಿನಿಂದ ಮೆಲ್ಲಗೆ ಕೊರೀತೀನಿ. ಚಿಟಿಕೆ ಪುಡಿ ಸಾಕು."

"ಕೊರೀರಿ, ಹೊಡೀಬ್ಯಾಡ್ರಿ ಅಷ್ಟೇ. ಬೆಂಕಿ ಎಷ್ಟಾದ್ರೂ ತಾಳ್ತೈತೆ ಇದು, ಪೆಟ್ಟು ತಾಳಂಗಿಲ್ಲ ಅಂತ ನಮ್ಮ ಅಜ್ಜ ಹೇಳ್ತಿದ್ದ."

ಮಾತು ಕೊಟ್ಟೆ. ಮುಂದಿನ ಭಾನುವಾರ ಕಾರ್ಖಾನೆಯ ಡ್ರಿಲ್ ತಂದು ಕುಳಿತೆ. ಕಬ್ಬಿಣ ನಾನು ಎಣಿಸಿದ್ದಕ್ಕಿಂತ ಗಟ್ಟಿ. ಡ್ರಿಲ್ಲಿನ ಎರಡು ಮೊನೆಗಳು ಮೊಂಡಾದವು, ಕನ್ನಡಿಯ ಹಾಗೆ ಒಂದು ಚುಕ್ಕೆ ಹೊಳೆಯಿತೇ ಹೊರತು ಪುಡಿ ಬರಲಿಲ್ಲ. ಮಧ್ಯಾಹ್ನವಾಯಿತು. ಸಾಬರು ನಮಾಜಿಗೆ ಹೋದರು, ಚನ್ನಬಸಪ್ಪ ಎಲೆ ಅಡಿಕೆ ತರಲು ಹೋದ, ಖಾಸಿಂಬಿ ಚಹಾ ಕಾಸಲು ಒಳಗೆ ಹೋದರು. ನನ್ನ ಚೀಲದಲ್ಲಿ ಉಳಿ ಇತ್ತು, ಸುತ್ತಿಗೆ ಇತ್ತು. ಸೊಟ್ಟ ಕಿವಿಯ ಪಕ್ಕದಲ್ಲಿ ಕಂಠ ಮೊದಲೇ ಅಂಕುಡೊಂಕಾಗಿತ್ತು, ಅಲ್ಲಿ ತೆಗೆದರೆ ಗೊತ್ತಾಗುವುದಿಲ್ಲ ಅನ್ನಿಸಿತು. ಉಳಿ ಇಟ್ಟು ಒಂದೇ ಒಂದು ಪೆಟ್ಟು ಹಾಕಿದೆ. ಉಗುರಿನಷ್ಟು ಚೂರು ಹಾರಿ ನನ್ನ ಮಡಿಲಿಗೆ ಬಿತ್ತು. ಕಡಾಯಿ ಸಣ್ಣಗೆ ಮೊರೆದು ಸುಮ್ಮನಾಯಿತು. ಬೆರಳಿಗೆ ಮಸಿ ಮಾಡಿಕೊಂಡು ಆ ಬಿಳಿ ಗಾಯದ ಮೇಲೆ ಸವರಿದೆ. ಖಾಸಿಂಬಿ ಚಹಾ ತಂದಾಗ ಚೆನ್ನಾಗಿದೆ ಎಂದು ಕುಡಿದೆ. ನಾನು ಇಷ್ಟು ದಿನ ಬಿಟ್ಟುಬಿಡುತ್ತಿದ್ದ ಭಾಗ ಇದೇ.

ಹರಿಹರಕ್ಕೆ ಬಂದ ಮೇಲೆ ಎರಡು ವಾರ ನಾನು ಈ ಲೋಕದಲ್ಲಿರಲಿಲ್ಲ. ಕಾರ್ಖಾನೆಯ ಕೆಲಸ ಮುಗಿಸಿ ಸಂಜೆಯ ಹೊತ್ತು ಆ ಚೂರಿನ ಮುಂದೆಯೇ ಕೂರುತ್ತಿದ್ದೆ. ಗಂಧಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂದರೆ ಕಲ್ಲಿದ್ದಲು ಸೋಕಿಲ್ಲ, ಮರದ ಇದ್ದಿಲಿನಲ್ಲೇ ಕರಗಿಸಿದ್ದು. ಸಿಲಿಕಾನ್ ಕಡಿಮೆ, ರಂಜಕ ಹೆಚ್ಚು. ರಂಜಕ ಹೆಚ್ಚಿದ್ದರೆ ಕಬ್ಬಿಣ ತೆಳ್ಳಗೆ ಹರಿಯುತ್ತದೆ, ಆದರೆ ಪೆಟ್ಟು ಬಿದ್ದರೆ ಸೀಳುತ್ತದೆ. ಒಂದು ಮುಖವನ್ನು ಉಜ್ಜಿ ನಯಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಬಿಳಿಯ ನಡುವೆ ಜರೀಗಿಡದ ಎಲೆಯಂಥ ಕಪ್ಪು ಚಿತ್ತಾರಗಳು ಕಂಡವು. ಎಷ್ಟು ಹೊತ್ತು ನೋಡಿದರೂ ಸಾಲದು. ಎಲ್ಲವನ್ನೂ ಬರೆದೆ. ಕಬ್ಬಿಣ ದೋಷವಿಲ್ಲದ್ದು, ಎರಕ ಒಳ್ಳೆಯದು ಎಂದು ಕೊನೆಗೆ ಷರಾ ಹಾಕಿದೆ.

ಆ ಕಾಗದ ಹಿಡಿದು ಶನಿವಾರವೇ ದಾವಣಗೆರೆಗೆ ಹೋಗಿ ಚನ್ನಬಸಪ್ಪನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಅವನಿನ್ನೂ ಮಲಗಿದ್ದಾಗಲೇ ಎದ್ದು ಒಬ್ಬನೇ ಭಟ್ಟಿಗೆ ನಡೆದೆ. ಹೊಸ ಒಲೆಯಲ್ಲಿ ಕಡಾಯಿಯನ್ನು ಮತ್ತೆ ಕೂರಿಸಿದ್ದರು. ಕಂಠ ಒಲೆಯ ಗೋಡೆಗಿಂತ ಒಂದೂವರೆ ಗೇಣು ಮೇಲೆದ್ದಿತ್ತು, ಕಾವು ಹೋಗದಂತೆ ಅದರ ಸುತ್ತ ಹಸಿಮಣ್ಣು ಮೆತ್ತಿದ್ದರು. ಸೊಟ್ಟ ಕಿವಿ ಸಾಬರು ಕೂರುವ ಕಡೆಗಿತ್ತು. ಮಾಡಿನ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಹೊಗೆ, ಹೊಟ್ಟಿನ ಧೂಳು ಅದರಲ್ಲಿ ತೇಲುತ್ತಿದ್ದವು.

"ಬರ್ರಿ ಸಾಹೇಬ್ರ, ಕೂಡ್ರಿ. ಈ ವರಸೆ ಮುಗಿಸಿ ಮಾತಾಡೋಣಂತೆ" ಎಂದರು ಸಾಬರು. ಹೊಟ್ಟಿನ ಚೀಲಕ್ಕೆ ಒರಗಿ ಕುಳಿತೆ. ಖಾಸಿಂಬಿ ಚಹಾದ ಬಟ್ಟಲು ಕೈಗಿಟ್ಟರು. ಅಕ್ಕಿ ಮರಳಿಗೆ ಬಿತ್ತು. ಮಂಡಕ್ಕಿ ಅರಳುವ ಸದ್ದು ಮಳೆಯ ಹಾಗೆ ಶುರುವಾಯಿತು, ನಂತರ ಅದು ಸದ್ದೇ ಅಲ್ಲವೆಂಬಂತೆ ಎಲ್ಲ ಕಡೆ ತುಂಬಿಕೊಂಡಿತು.

ನಾನು ನಿದ್ದೆ ಹೋದೆನೆಂದು ನನಗನ್ನಿಸುವುದಿಲ್ಲ. ಬಟ್ಟಲಿನ ಬಿಸಿ ಬೆರಳಿಗೆ ತಾಗುತ್ತಲೇ ಇತ್ತು. ಆದರೆ ಅದು ಬಟ್ಟಲಲ್ಲ, ಉದ್ದ ಇಕ್ಕಳದ ಹಿಡಿಯಾಗಿತ್ತು. ಇಕ್ಕಳದ ತುದಿಯಲ್ಲಿ ಮಣ್ಣಿನ ಮೂಸೆ, ಮೂಸೆಯಲ್ಲಿ ಕರಗಿದ ಕಬ್ಬಿಣ. ನಾನು ಹೊಳೆಯ ದಂಡೆಯಲ್ಲಿ ನಿಂತಿದ್ದೆ. ನೀರು ಈಗಿನದಕ್ಕಿಂತ ಹತ್ತಿರದಲ್ಲಿತ್ತು. ಎದುರಿಗೆ ಒಂದು ಗುಂಡಿ, ಗುಂಡಿಯಲ್ಲಿ ಅಚ್ಚು. ಅಚ್ಚಿನ ಸುತ್ತ ಕುಳ್ಳು ಒಟ್ಟಿ ಉರಿಸಿ ಅದನ್ನೇ ಕೆಂಪಗೆ ಕಾಯಿಸಿದ್ದರು. ಸುತ್ತಲೂ ಸೊಂಟದೆತ್ತರದ ಒಲೆಗಳು, ತಿದಿ ಒತ್ತುವ ಕಾಲುಗಳು. ಒಂದು ಒಲೆಯ ಕಬ್ಬಿಣ ಸಾಲದೆಂದು ಏಳು ಜನ ಏಳು ಮೂಸೆ ಹಿಡಿದು ಸಾಲಾಗಿ ನಿಂತಿದ್ದೆವು. ಒಬ್ಬರ ಧಾರೆ ಮುಗಿಯುವ ಮೊದಲೇ ಮುಂದಿನವನ ಧಾರೆ ಬೀಳಬೇಕು, ಉಸಿರಾಡುವಷ್ಟೂ ಬಿಡುವು ಕೂಡದು. ಇದು ನನಗೆ ಯಾರೂ ಹೇಳದೆ ಗೊತ್ತಿತ್ತು. ನಾನು ಐದನೆಯವನು.

ನಾಲ್ಕನೆಯವನು ಹೊಯ್ದು ಸರಿದ. ಆ ಹೊತ್ತಿಗೆ ಹಿಂದಿನಿಂದ ಒಂದು ಹೆಣ್ಣು ದನಿ ಕರೆಯಿತು. ಹೆಸರು ಹಿಡಿದು ಕರೆಯಿತು. ಅದು ನನ್ನ ಹೆಸರಲ್ಲ, ಆದರೂ ನನ್ನದೇ. ತಿರುಗಿ ನೋಡಿದೆ. ಮತ್ತೆ ಮುಖ ತಿರುಗಿಸುವಷ್ಟರಲ್ಲಿ ಅಚ್ಚಿನ ಬಾಯಲ್ಲಿ ಬಿಳಿಯಾಗಿದ್ದದ್ದು ಕೆಂಪಾಗಿತ್ತು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಹೊಯ್ದೆ. ಆರನೆಯವನು ಹೊಯ್ದ, ಏಳನೆಯವನು ಹೊಯ್ದ. ಅಚ್ಚು ತುಂಬಿತು. ಆಮೇಲೆ ಹೊತ್ತು ಹೇಗೆ ಸರಿಯಿತೋ, ಅಚ್ಚು ಒಡೆದು ಕಡಾಯಿಯನ್ನು ಹೊರಗೆತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವರಲ್ಲಿ ಹಿರಿಯನಾದವನು ಮಾತ್ರ ಸುತ್ತಲೂ ಕೈಯಾಡಿಸುತ್ತ ಬಂದು ಸೊಟ್ಟ ಕಿವಿಯ ಕೆಳಗೆ, ಹೊಳೆಗಾಳಿ ಬಡಿದ ಮಗ್ಗುಲಲ್ಲಿ, ಗಕ್ಕನೆ ನಿಂತ. ಅಲ್ಲಿ ಕೂದಲಿನಷ್ಟು ಸಣ್ಣ ಗೆರೆಯೊಂದು ಅಡ್ಡಲಾಗಿ ಅರ್ಧ ಸುತ್ತು ಓಡಿತ್ತು. ಮೊದಲು ಬಿದ್ದ ಕಬ್ಬಿಣವೂ ಆಮೇಲೆ ಬಿದ್ದದ್ದೂ ಅಲ್ಲಿ ಒಂದಾಗಿರಲಿಲ್ಲ. ಅವನು ನನ್ನನ್ನು ನೋಡಿದ. ಬೂದಿ ತೆಗೆದುಕೊಂಡು ಅಂಗೈಯಿಂದ ಆ ಗೆರೆಯ ಮೇಲೆ ಉಜ್ಜಿದ.

"ಸಾಹೇಬ್ರ, ಚಾ ಚೆಲ್ತು ನೋಡ್ರಿ."

ಸಾಬರು ಜರಡಿ ತುಂಬ ಮಂಡಕ್ಕಿ ಎತ್ತಿ ಹಿಡಿದಿದ್ದರು. ಅದೇ ವರಸೆ, ಇನ್ನೂ ಮುಗಿದಿರಲಿಲ್ಲ. ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಎದ್ದು ನಿಂತು, "ಸಾಬ್ರೇ, ಬೆಂಕಿ ತೆಗೀರಿ" ಎಂದೆ.

"ಯಾಕ್ರಿ, ಏನಾತು?"

"ಇದರಲ್ಲಿ ಸೀಳು ಐತೆ. ನಿಮ್ಮ ಕಡೆಗೇ ಐತೆ, ಆ ಸೊಟ್ಟ ಕಿವಿ ಕೆಳಗೆ."

"ನಿಮ್ಮ ಕಾಗದದಾಗೆ ಬಂದೈತೇನ್ರಿ ಅದು?"

"ಇಲ್ಲ. ಕಾಗದದಲ್ಲಿ ಚೆನ್ನಾಗೈತೆ ಅಂತಲೇ ಬರೆದೀನಿ."

"ಮತ್ತೆ ಹೆಂಗೆ ಗೊತ್ತಾತು?"

ನಾನು ಅವರ ಮುಖ ನೋಡಿದೆ. ಸುಳ್ಳು ಹೊಳೆಯಲಿಲ್ಲ. "ಈಗ ಇಲ್ಲೇ ಕೂತಾಗ ಕಂಡೆ. ಇದನ್ನ ಎರಕ ಹೊಯ್ಯೋದು ಕಂಡೆ. ಒಬ್ಬ ತಡ ಮಾಡಿಬಿಟ್ಟ. ಕಬ್ಬಿಣ ಕೂಡಲಿಲ್ಲ."

ನಗುತ್ತಾರೆಂದುಕೊಂಡಿದ್ದೆ. ಸಾಬರು ಜರಡಿಯನ್ನು ಕೆಳಗಿಟ್ಟರು. "ಯಾಕ ತಡ ಮಾಡಿದ?" ಎಂದರು, ನೆರೆಮನೆಯವನ ಸಂಗತಿ ಕೇಳುವ ಹಾಗೆ.

"ಯಾರೋ ಕರೆದರು. ತಿರುಗಿ ನೋಡಿದ."

"ಯಾರು ಕರೆದ್ರು?"

"ಗೊತ್ತಾಗಲಿಲ್ಲ."

ಅವರು ಹೆಂಡತಿಯ ಕಡೆ ನೋಡಿದರು. "ನಾಳೆ ಹದಡಿ ಊರವ್ರು ಮದುವಿ ಮಂಡಕ್ಕಿಗೆ ಗಾಡಿ ತರ್ತಾರಲ್ಲೇ" ಎಂದರು.

"ತಂದ್ರೆ ತರ್ಲಿ" ಎಂದರು ಖಾಸಿಂಬಿ. "ಪಕ್ಕದ ಭಟ್ಟಿಯವ್ರು ಮಾಡಿಕೊಡ್ತಾರೆ. ಅಷ್ಟು ಬೆವೆತು ಹೇಳ್ತಾನಂದ್ರೆ ಸುಮ್ನೆ ಹೇಳ್ತಾನೇನು? ನೀವು ಮೊದ್ಲು ಆ ಕಡೆ ಏಳ್ರಿ."

ಇಬ್ಬರೂ ಸೇರಿ ಒಲೆಯ ಬಾಯಿಂದ ಉರಿಯುವ ಹೊಟ್ಟನ್ನೆಲ್ಲ ಎಳೆದು ಹಾಕಿ ನೀರು ಚಿಮುಕಿಸಿದರು. ನಾವು ಅಂಗಳಕ್ಕೆ ಬಂದು ಕುಳಿತೆವು. ಅರ್ಧ ಗಂಟೆ ಕಳೆದಿರಬೇಕು, ನನಗೆ ನಾಚಿಕೆ ಶುರುವಾಗಿತ್ತು. ಓದಿದವನು ಒಬ್ಬ ಬಡವನ ದಿನದ ಕೆಲಸ ಕೆಡಿಸಿದೆನಲ್ಲ ಎಂದುಕೊಳ್ಳುತ್ತಿದ್ದೆ. ಆಗ ಒಳಗೆ ಟಣ್ ಎಂದಿತು. ದೊಡ್ಡ ಸದ್ದಲ್ಲ. ಅದರ ಹಿಂದೆಯೇ ಮರಳು ಜಾರುವ ಸದ್ದು, ಬಹಳ ಹೊತ್ತು.

ಹೋಗಿ ನೋಡಿದೆವು. ಸೊಟ್ಟ ಕಿವಿಯ ಸಮೇತ ಬಾಳೆಲೆಯಷ್ಟು ಅಗಲದ ತುಂಡು ಕಳಚಿ ಮುಂದಕ್ಕೆ ಬಿದ್ದಿತ್ತು. ಕೆಂಡದಂಥ ಮರಳು ಸಾಬರು ದಿನವೂ ಕಾಲು ಮಡಚಿ ಕೂರುವ ಮಣೆಯ ಮೇಲೆ ಗುಡ್ಡೆಯಾಗಿತ್ತು. ಮಣೆಯ ಅಂಚು ಹೊಗೆಯಾಡುತ್ತಿತ್ತು. ಖಾಸಿಂಬಿ ಗಂಡನ ರಟ್ಟೆ ಹಿಡಿದುಕೊಂಡು ನಿಂತುಬಿಟ್ಟರು. ಆಮೇಲೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಲು ಬಂದಾಗ ನನಗೆ ತಡೆಯಲಾಗಲಿಲ್ಲ. ಕೈ ಎಳೆದುಕೊಂಡು ಎಲ್ಲ ಹೇಳಿಬಿಟ್ಟೆ: ಡ್ರಿಲ್ಲು ಇಳಿಯದ್ದು, ಉಳಿ ಇಟ್ಟದ್ದು, ಹೊಡೆದದ್ದು, ಮಸಿ ಸವರಿದ್ದು. ಇದು ಒಡೆದದ್ದು ನನ್ನಿಂದಲೇ ಇರಬಹುದು ಎಂದೆ.

"ಅವತ್ತು ಸಂಜೆನೇ ನೋಡಿದ್ವಿ ತಮ್ಮಾ" ಎಂದರು ಆಕೆ.

"ನೋಡಿ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಕೂಡ್ತಿತ್ತೇನ್ರಿ?" ಎಂದರು ಸಾಬರು.

"ನಾನು ಮಾತು ತಪ್ಪಿದವನು ಅಂತ ಗೊತ್ತಿದ್ದೂ ಇವತ್ತು ನಂಬಿದಿರಲ್ಲ?"

"ಅವತ್ತು ಚಾ ಕುಡಿಯುವಾಗ ನೀನು ನಮ್ಮ ಮುಖ ನೋಡ್ಲಿಲ್ಲ. ಇವತ್ತು ನೋಡಿ ಹೇಳಿದಿ" ಎಂದರು ಖಾಸಿಂಬಿ.

ಒಡೆದ ತುಂಡುಗಳನ್ನು ಅವರೇ ನನಗೆ ಕೊಟ್ಟರು. ಪ್ರಯೋಗಶಾಲೆಯಲ್ಲಿ ಅವನ್ನು ತಿಂಗಳುಗಟ್ಟಲೆ ನೋಡಿದೆ. ಒಡೆದ ಮುಖದ ಮೇಲ್ಭಾಗ ಹೊಸದಾಗಿ ಹೊಳೆಯುತ್ತಿತ್ತು. ಕೆಳಗಿನ ಅಡ್ಡ ಅಂಚು ಮಾತ್ರ ಹೊಳೆಯುತ್ತಿರಲಿಲ್ಲ. ಕಪ್ಪಗೆ, ನುಣ್ಣಗೆ, ನೀರಲ್ಲಿ ಸವೆದ ಕಲ್ಲಿನಂತಿತ್ತು. ಅದು ಅಂದು ಒಡೆದದ್ದಲ್ಲ. ಹೊಯ್ದ ದಿನದಿಂದಲೂ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಸೇರಿರಲೇ ಇಲ್ಲ. ಕಂಡದ್ದು ಕಂಡ ಹಾಗೇ ಇತ್ತು, ಕಂಠದಿಂದ ಒಂದು ಗೇಣು ಕೆಳಗೆ, ಅರ್ಧ ಸುತ್ತು. ಬಿರುಕು ನನ್ನ ಉಳಿ ಬಿದ್ದ ಜಾಗದಿಂದ ಹೊರಟು ಕೆಳಗಿಳಿದು ಆ ಗೆರೆಯನ್ನು ಮುಟ್ಟಿತೋ, ಗೆರೆಯಿಂದ ಹೊರಟು ಮೇಲೇರಿ ನನ್ನ ಉಳಿಯ ಗುರುತಿಗೆ ಬಂದಿತೋ ನನಗೆ ಹೇಳಲಾಗಲಿಲ್ಲ. ಇನ್ನೂ ಒಂದು ಮಾತಿದೆ. ಎರಕದ ಕಬ್ಬಿಣವನ್ನು ಕಾದಿರುವಾಗ ಒಮ್ಮೆಲೇ ತಣಿಸಬಾರದು. ಬೆಂಕಿ ಎಳೆಯಿರಿ ಎಂದು ನಾನು ಹೇಳದಿದ್ದರೆ ಅದು ಒಡೆಯುತ್ತಲೇ ಇರಲಿಲ್ಲವೇನೋ. ಇದನ್ನೂ ಸಾಬರಿಗೆ ಹೇಳಿದೆ. ಅವರು ತಗಡಿನ ಹೊಸ ಕಡಾಯಿ ಕೂರಿಸಿ ಕೆಲಸಕ್ಕೆ ತೊಡಗಿದ್ದರು. ಮಂಡಕ್ಕಿ ಮೊದಲಿನಷ್ಟು ಅರಳುವುದಿಲ್ಲ ಎಂದು ಓಣಿಯವರೆಲ್ಲ ಅನ್ನುತ್ತಿದ್ದರು. "ಇರಬಹುದ್ರಿ" ಎಂದಷ್ಟೇ ಅಂದು, ನನ್ನ ಕೈಗೆ ಬಿಸಿ ಮಂಡಕ್ಕಿ ಸುರಿದರು.

ಚನ್ನಬಸಪ್ಪ ನನಗಿಂತ ದೊಡ್ಡ ನಾಸ್ತಿಕ. ಅಂಗಳದಲ್ಲಿ ಕಡಾಯಿ ಬೋರಲು ಬಿದ್ದಿದ್ದಾಗ ಮಸಿಯ ಮೇಲೆ ಎಲ್ಲೋ ಗೆರೆಯ ಸುಳಿವು ನಿನ್ನ ಕಣ್ಣಿಗೆ ಬಿದ್ದಿರಬೇಕು, ಮನಸ್ಸು ಅದನ್ನು ಕನಸು ಮಾಡಿ ತೋರಿಸಿತು, ಮಸಿ ಸವರಿದ ತಪ್ಪೇ ಬೂದಿ ಉಜ್ಜಿದ ಮುದುಕನಾಗಿ ಬಂತು ಎಂದ. ಒಪ್ಪಬಹುದಾದ ಮಾತು. ಆದರೆ ಬೆರಳು ದಪ್ಪದ ಮಸಿಯಲ್ಲಿ ಕೂದಲೆಳೆಯ ಗೆರೆ ಹೇಗೆ ಕಂಡೀತು? ಅಚ್ಚನ್ನೇ ಕೆಂಪಗೆ ಕಾಯಿಸಿ ಹೊಯ್ಯುವುದು ಆಗ ನನಗೆ ತಿಳಿದಿತ್ತೇ? ಎಲ್ಲೋ ಓದಿದ್ದೆನೆಂದು ಆಣೆ ಮಾಡಲಾರೆ, ಓದಿಲ್ಲವೆಂದೂ ಮಾಡಲಾರೆ.

ಆಮೇಲೆ ಎಷ್ಟೋ ಒಡಕು ಎರಕಗಳು ನನ್ನ ಮೇಜಿಗೆ ಬಂದವು. ಯಾರೂ ಇಲ್ಲದಾಗ ಅವುಗಳ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂತದ್ದುಂಟು, ಈಗ ಹೇಳಲು ನಗು ಬರುತ್ತದೆ. ಏನೂ ಕಾಣಲಿಲ್ಲ. ಕಬ್ಬಿಣ ಕಬ್ಬಿಣವಾಗಿಯೇ ತಣ್ಣಗಿತ್ತು.

ಹೇಗೆ ಕಂಡಿತು ಎಂಬ ಪ್ರಶ್ನೆಯನ್ನು ಬಿಟ್ಟು ಬಹಳ ದಿನವಾಯಿತು. ಸಾಬರು ಕೇಳಿದ ಪ್ರಶ್ನೆ ಮಾತ್ರ ಬಿಟ್ಟಿಲ್ಲ. ಯಾರು ಕರೆದರು? ಆ ಐದನೆಯವನು ತಿರುಗಿದನಲ್ಲ, ತಿರುಗಿದಾಗ ಏನು ನೋಡಿದ? ಅಲ್ಲಿಗೆ ಬಂದರೆ ನನ್ನ ನೆನಪು ಬೆಳಕಿಗೆ ಕಣ್ಣು ಕೊಟ್ಟಂತೆ ಬೆಳ್ಳಗಾಗುತ್ತದೆ, ಮುಖ ಮೂಡುವುದಿಲ್ಲ. ದನಿಯೊಂದೇ ಉಳಿದಿದೆ. ಅದರಲ್ಲಿ ಗಾಬರಿಯಿರಲಿಲ್ಲ, ಎಚ್ಚರಿಕೆಯೂ ಇರಲಿಲ್ಲ. ಹೊತ್ತಾಯಿತು, ಊಟಕ್ಕೆ ಬಾ ಎಂದು ಮನೆಯವರು ಕರೆಯುವ ಹಾಗೆ ಇತ್ತು.